ಜೋಡಿಗಾಜಿನ ಕಿಟಕಿ ತಾನಾಗಿಯೇ ಸೀಳಿತೇ? ಕಾರಣ ಪತ್ತೆ ಮಾಡುವುದು ಹೀಗೆ

ಕಲ್ಲು ಬಿದ್ದಿಲ್ಲ, ಯಾರೂ ಕೈ ತಾಗಿಸಿಲ್ಲ, ಆದರೂ ಡಬಲ್ ಗ್ಲೇಜ್ಡ್ (ನಡುವೆ ಗಾಳಿ ಮುಚ್ಚಿಟ್ಟ ಎರಡು ಗಾಜುಗಳ) ಕಿಟಕಿಯ ಒಂದು ಗಾಜಿನಲ್ಲಿ ಉದ್ದನೆಯ ಬಿರುಕು ಕಾಣಿಸಿಕೊಳ್ಳುತ್ತದೆ. ಇಂಥ ಸಂದರ್ಭದಲ್ಲಿ ಹೆಚ್ಚಿನವರು ತಕ್ಷಣ ಫ್ಯಾಬ್ರಿಕೇಟರನ್ನು ಕರೆಸಿ ಗಾಜು ಕೀಳಿಸುತ್ತಾರೆ. ಅಲ್ಲಿಗೆ ಸಾಕ್ಷ್ಯವೆಲ್ಲ ಗೋಣಿಚೀಲ ಸೇರಿ, ಅದೇ ಬಗೆಯ ಹೊಸ ಗಾಜು ಅದೇ ಚೌಕಟ್ಟಿನಲ್ಲಿ ಕೂತು, ಕೆಲವು ತಿಂಗಳಲ್ಲಿ ಅದೂ ಸೀಳುತ್ತದೆ. ಆದ್ದರಿಂದ ಗಾಜು ಇನ್ನೂ ಚೌಕಟ್ಟಿನಲ್ಲಿರುವಾಗಲೇ ಪರೀಕ್ಷೆ ನಡೆಯಬೇಕು.

ಮೊದಲು ಬಿರುಕಿನ ಮೇಲೆ ಪಾರದರ್ಶಕ ಟೇಪು ಅಂಟಿಸಿ, ಇಡೀ ಕಿಟಕಿಯ ಚಿತ್ರ ತೆಗೆದುಕೊಳ್ಳಿ. ಬಿಸಿಲು ಬಿದ್ದಾಗ ಕಿಟಕಿಯ ಮೇಲಿನ ಸಜ್ಜೆಯ ನೆರಳು ಗಾಜಿನ ಮೇಲೆ ಎಲ್ಲಿಯವರೆಗೆ ಬರುತ್ತದೆಂಬುದೂ ಚಿತ್ರದಲ್ಲಿರಲಿ. ಬಿರುಕು ಹೊರಗಾಜಿನದೋ ಒಳಗಾಜಿನದೋ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಮುಂದಿನದು ಬಿರುಕಿನ ಮೂಲವನ್ನು ಹುಡುಕುವ ಹಂತ. ಎಲ್ಲರೂ ಎಡವುವುದು ಇಲ್ಲಿಯೇ, ಏಕೆಂದರೆ ಕಣ್ಣು ಬಿರುಕಿನ ನಡುಭಾಗಕ್ಕೆ ಹೋಗುತ್ತದೆ, ಉತ್ತರವಿರುವುದು ಅಂಚಿನಲ್ಲಿ. ಬಿರುಕು ಚೌಕಟ್ಟನ್ನು ಸೇರುವ ಜಾಗಕ್ಕೆ ಟಾರ್ಚ್ ಹಿಡಿದು ನೋಡಿ. ಅದು ಅಂಚಿಗೆ ಸರಿಯಾಗಿ ಲಂಬಕೋನದಲ್ಲಿ ಹೊರಟು, ಎರಡು ಮೂರು ಬೆರಳಗಲ ನೇರವಾಗಿ ಸಾಗಿ, ಆಮೇಲೆ ಅಂಕುಡೊಂಕಾಗಿ ತಿರುಗಿದ್ದರೆ ಅದು ಬಹುಮಟ್ಟಿಗೆ ತಾಪದ ಬಿರುಕು. ಬಿಸಿಲಿಗೆ ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ. ಚೌಕಟ್ಟಿನ ತೋಡಿನೊಳಗೆ ಅಡಗಿರುವ ಅಂಚು ತಣ್ಣಗೇ ಉಳಿಯುತ್ತದೆ. ಒಂದು ಮೀಟರ್ ಗಾಜು 30 ಡಿಗ್ರಿ ಕಾದರೆ ಹಿಗ್ಗುವುದು ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು ಮಾತ್ರ, ಆದರೆ ಆ ಹಿಗ್ಗುವಿಕೆ ತಣ್ಣನೆಯ ಅಂಚನ್ನು ಜಗ್ಗುತ್ತದೆ, ಮತ್ತು ಗಾಜು ಒತ್ತಡವನ್ನು ತಾಳುವಷ್ಟು ಜಗ್ಗಾಟವನ್ನು ತಾಳುವುದಿಲ್ಲ. ಸಾಧಾರಣ ಗಾಜು ಸುಮಾರು 40 ಡಿಗ್ರಿ ವ್ಯತ್ಯಾಸವನ್ನು ತಡೆಯುತ್ತದೆ. ಕತ್ತರಿಸುವಾಗ ಅಂಚಿನಲ್ಲಿ ಒಂದು ಸಣ್ಣ ಚಕ್ಕೆ ಎದ್ದಿದ್ದರೂ ಆ ಮಿತಿ ಇಳಿಯುತ್ತದೆ. ಬೆಂಗಳೂರಿನ ಜನವರಿಯಲ್ಲಿ, ರಾತ್ರಿಯ ಚಳಿಗೆ ಚೌಕಟ್ಟು ತಣ್ಣಗಾಗಿರುವಾಗ ಪೂರ್ವದ ಎಳೆಬಿಸಿಲು ನೇರವಾಗಿ ಬೀಳುವ ಕಿಟಕಿಯನ್ನು ವಿಶೇಷವಾಗಿ ಗಮನಿಸಬೇಕು.

ಬಿರುಕು ಅಂಚಿನಿಂದ ಓರೆಯಾಗಿ ಹೊರಟಿದ್ದರೆ, ಅಥವಾ ಬುಡದಲ್ಲಿ ಚಿಪ್ಪಿನಾಕಾರದ ಚಕ್ಕೆ ಎದ್ದಿದ್ದರೆ, ಸ್ಕ್ರೂ ಅಥವಾ ಚೌಕಟ್ಟು ಗಾಜನ್ನು ಒತ್ತುತ್ತಿದೆಯೇ ಎಂದು ಶಂಕಿಸಿ. ಟಫನ್ಡ್ ಗಾಜಿನಲ್ಲಿ, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡಿದ ಗಾಜಿನಲ್ಲಿ, ಬಿರುಕು ನಿಲ್ಲುವುದಿಲ್ಲ, ಇಡೀ ಹಾಳೆ ಹರಳುಹರಳಾಗುತ್ತದೆ. ಆಗ ಚೂರುಗಳು ಹರಡಿಕೊಂಡ ಕೇಂದ್ರದಲ್ಲಿ ಚಿಟ್ಟೆಯ ರೆಕ್ಕೆಗಳಂತೆ ಅಂಟಿಕೊಂಡ ಎರಡು ದೊಡ್ಡ ಚೂರುಗಳಿದ್ದರೆ ಜೋಪಾನವಾಗಿ ಎತ್ತಿಡಿ. ಅವುಗಳ ನಡುವೆ ನಿಕಲ್ ಸಲ್ಫೈಡಿನ ಕಣವಿರಬಹುದು; ಕುಲುಮೆಯಿಂದ ಬಂದ ಈ ಕಣ ವರ್ಷಗಳ ನಂತರವೂ ರೂಪ ಬದಲಿಸಿ ಹಿಗ್ಗಿ ಗಾಜನ್ನು ಒಡೆಯುತ್ತದೆ. ಮೆಲ್ಬರ್ನ್‌ನ ಐಸಿಐ ಹೌಸ್ ಕಟ್ಟಡದ ಗಾಜುಗಳು ಒಡೆದಾಗ ಬ್ಯಾಲಂಟೈನ್ ಎಂಬ ಸಂಶೋಧಕ 1961ರಲ್ಲಿ ಇದನ್ನು ಗುರುತಿಸಿದರು.

ಇನ್ನೊಂದು ಕಾರಣ ನಮ್ಮ ರಾಜ್ಯಕ್ಕೆ ಚೆನ್ನಾಗಿ ಅನ್ವಯಿಸುತ್ತದೆ. ಎರಡು ಗಾಜುಗಳ ನಡುವೆ ಮುಚ್ಚಿಹೋಗುವುದು ತಯಾರಾದ ಊರಿನ ಗಾಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮುಚ್ಚಿದ ಕಿಟಕಿ ಮಂಗಳೂರಿಗೆ ಇಳಿದರೆ ಹೊರಗಿನ ವಾಯುಭಾರ ಸುಮಾರು ಶೇಕಡಾ 10ರಷ್ಟು ಹೆಚ್ಚಿ ಎರಡೂ ಗಾಜುಗಳನ್ನು ಒಳಕ್ಕೆ ಒತ್ತುತ್ತದೆ. ದೊಡ್ಡ ಗಾಜು ಬಾಗಿ ಸುಧಾರಿಸಿಕೊಳ್ಳುತ್ತದೆ. ಅಷ್ಟು ಬಾಗಲಾರದ ಸಣ್ಣ, ಕಿರಿದಾದ ಗಾಜುಗಳಿಗೇ ಅಪಾಯ ಹೆಚ್ಚು. ಕರಾವಳಿಯ ಮನೆಗೆ ಕರಾವಳಿಯಲ್ಲೇ ತಯಾರಾದದ್ದನ್ನು ತರಿಸುವುದು ಲೇಸು.

ನಂತರ ಮನೆಯೊಳಗೆ ನೋಡಿ. ಗಾಜಿಗೆ ಒರಗಿದ ಸೋಫಾ, ಗಾಜಿಗೆ ತಾಗುವ ದಪ್ಪ ಪರದೆ, ನೇರವಾಗಿ ಗಾಜಿನ ಮೇಲೆ ಬೀಸುವ ಏಸಿ, ಇವೆಲ್ಲ ತಾಪದ ವ್ಯತ್ಯಾಸವನ್ನು ಹೆಚ್ಚಿಸುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಒಳಗಿನಿಂದ ಅಂಟಿಸುವ ಕಪ್ಪು ಸನ್ ಫಿಲ್ಮ್. ಅದು ಬಿಸಿಲನ್ನು ಹೀರಿ ಒಳಗಾಜನ್ನು ಕಾಯಿಸುತ್ತದೆ, ನಡುವಿನ ಗಾಳಿ ಆ ಶಾಖವನ್ನು ಹೊರಹೋಗಲು ಬಿಡುವುದಿಲ್ಲ. ಅಂಗಡಿಯವರು ಎಲ್ಲ ಗಾಜಿಗೂ ಆಗುತ್ತದೆಂದು ಹೇಳಿದರೂ ಜೋಡಿಗಾಜಿಗೆ ಅದನ್ನು ಹಾಕಿಸಲೇಬೇಡಿ.

ಇಷ್ಟಾದ ಮೇಲೆ ಗಾಜು ಬಿಚ್ಚಿಸಿ, ನೀವೇ ನಿಂತು ಚೌಕಟ್ಟಿನ ತೋಡಿನೊಳಗೆ ನೋಡಿ. ಗಾಜಿನ ಸುತ್ತ ಸುಮಾರು 5 ಮಿಲಿಮೀಟರ್ ಬಿಡುವು ಇರಬೇಕು. ಕೆಳಗಡೆ ಎರಡೂ ತುದಿಯಿಂದ ಕಾಲುಭಾಗದಷ್ಟು ಒಳಗೆ ಗಟ್ಟಿ ರಬ್ಬರಿನ ಅಡಿಗಟ್ಟುಗಳಿರಬೇಕು. ಅವಸರದ ಕೆಲಸಗಾರರು ಅಲ್ಲಿ ಪ್ಲೈವುಡ್ ಚೂರು ತುರುಕುತ್ತಾರೆ; ಮಳೆಗಾಲದಲ್ಲಿ ಅದು ಉಬ್ಬಿ ಗಾಜನ್ನು ಒಂದೇ ಬಿಂದುವಿನಲ್ಲಿ ಎತ್ತುತ್ತದೆ. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ಕೂಡ ಬೇಡ, ಅದು ಜೋಡಿಗಾಜಿನ ಅಂಚಿನ ಸೀಲನ್ನೇ ಹಾಳುಮಾಡುತ್ತದೆ.

ಹೊಸ ಗಾಜಿನ ಆರ್ಡರಿನಲ್ಲಿ ಮೂರು ಮಾತು ಲಿಖಿತವಾಗಿರಲಿ: ಅಂಚುಗಳನ್ನು ಉಜ್ಜಿದ ಮೇಲೆಯೇ ಟಫನ್ ಮಾಡಿರಬೇಕು, ಮೇಲಂತಸ್ತಿನದಾದರೆ ಹೀಟ್ ಸೋಕ್ ಪರೀಕ್ಷೆಯ (ನಿಕಲ್ ಸಲ್ಫೈಡ್ ಕಣವಿರುವ ಗಾಜು ಕಾರ್ಖಾನೆಯಲ್ಲೇ ಒಡೆಯಲೆಂದು ಕಾಯಿಸಿ ನೋಡುವ ಪರೀಕ್ಷೆ) ಪ್ರಮಾಣಪತ್ರ ಬೇಕು, ಮತ್ತು ಅಳವಡಿಸುವ ಊರಿನ ಹೆಸರು ನಮೂದಾಗಿರಬೇಕು.