ಹಾರ್ಡ್ ರಾಕ್ ಆಲ್ಬಂ ರೆಕಾರ್ಡಿಂಗ್: ಗೇನ್ ಇಳಿಸಿ, ಡ್ರಮ್ಸ್‌ಗೆ ಜಾಗ ಬಿಡಿ

ನಾಲ್ಕು ಜನರ ಬ್ಯಾಂಡು, ಎಂಟು ಕನ್ನಡ ಹಾಡು, ಬೆಂಗಳೂರಿನಲ್ಲಿ ಒಂದು ಬಾಡಿಗೆ ಡ್ಯೂಪ್ಲೆಕ್ಸ್ ಮನೆ. ಎರಡು ಗಿಟಾರ್, ಬೇಸ್, ಡ್ರಮ್ಸ್. ಹಾಡುವವರು ಗಿಟಾರಿಸ್ಟುಗಳಲ್ಲೇ ಒಬ್ಬರು. ರೆಕಾರ್ಡಿಂಗ್, ಮಿಕ್ಸಿಂಗ್ ನನ್ನದು. ಆಲ್ಬಂ ಮಾಡಲು ಹೊರಟ ಬ್ಯಾಂಡುಗಳು ಮೊದಲು ಕೇಳುವುದು ಗಿಟಾರ್ ಟೋನ್ ಬಗ್ಗೆ, ಪ್ಲಗಿನ್ ಬಗ್ಗೆ. ಕೇಳಬೇಕಾದ್ದು ಡ್ರಮ್ಸ್ ಬಗ್ಗೆ. ಹಾರ್ಡ್ ರಾಕಿನಲ್ಲಿ ಎದೆಗೆ ಬಡಿಯುವುದು ಕಿಕ್ಕು (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಮತ್ತು ಸ್ನೇರು (ಚುರುಕಾಗಿ ಸಿಡಿಯುವ ಚಿಕ್ಕ ಡ್ರಮ್). ಗಿಟಾರ್‌ಗಳು ಅವಕ್ಕೆ ಜಾಗ ಬಿಟ್ಟಷ್ಟೂ ಹಾಡಿಗೆ ತೂಕ ಬರುತ್ತದೆ. ಈ ಆಲ್ಬಂನಲ್ಲಿ ತೆಗೆದುಕೊಂಡ ಪ್ರತಿ ತೀರ್ಮಾನವೂ ಇದರ ಸುತ್ತಲೇ.

ಪ್ರಾಕ್ಟೀಸ್ ರೂಮಿನಲ್ಲೇ ಮುಗಿಸಿಕೊಳ್ಳಬೇಕಾದ ಕೆಲಸ ಟೆಂಪೋ. ಬ್ಯಾಂಡು ಕ್ಲಿಕ್ (ತಾಳ ಹಿಡಿಯಲು ಕಿವಿಗೆ ಕೊಡುವ ಟಿಕ್ ಟಿಕ್ ಸದ್ದು) ಇಲ್ಲದೆ ನುಡಿಸಿದ್ದನ್ನು ಫೋನಿನಲ್ಲಿ ಹಿಡಿದು ವೇಗ ಎಲ್ಲೆಲ್ಲಿ ಏರಿಳಿಯುತ್ತದೆಂದು ಅಳೆದುಕೊಂಡೆ. ಚರಣ 118 ಬಿಪಿಎಂನಲ್ಲಿದ್ದರೆ (ನಿಮಿಷಕ್ಕೆ 118 ಬಡಿತ) ಕೋರಸ್ ತಾನಾಗಿ 121ಕ್ಕೆ ಹೋಗಿರುತ್ತದೆ. ಆ ಏರಿಕೆಯನ್ನೇ ಕ್ಲಿಕ್ ಟ್ರ್ಯಾಕಿನಲ್ಲಿ ಬರೆದಿಟ್ಟೆ. ಇಡೀ ಹಾಡಿಗೆ ಒಂದೇ ಸಂಖ್ಯೆ ಕೊಟ್ಟರೆ ಕೋರಸ್ ಎಳೆದ ಹಾಗೆ ಕೇಳಿಸುತ್ತದೆ, ಡ್ರಮ್ಮರ್ ಹಾಡು ಬಿಟ್ಟು ಕ್ಲಿಕ್ ಜೊತೆ ಗುದ್ದಾಡುತ್ತಾರೆ.

ಇನ್ನು ರೂಮು. ನಮ್ಮ ಮನೆಗಳೆಂದರೆ ಆರ್‌ಸಿಸಿ ತಾರಸಿ, ಗ್ರಾನೈಟ್ ನೆಲ, ಎದುರುಬದುರು ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ 'ಟರ್ರ್' ಎಂದು ಮರುದನಿ ಬರುತ್ತದೆ. ಗೋಡೆಗೆ ಕಂಬಳಿ ಅಂಟಿಸಿದರೆ ಮೇಲಿನ ಫ್ರೀಕ್ವೆನ್ಸಿಗಳು ಮಾತ್ರ ಸಾಯುತ್ತವೆ. ಕೆಳಗಿನವು ಮೂಲೆಗಳಲ್ಲಿ ಹಾಗೇ ಉಳಿದು, ಕಿಕ್ಕು ಒಂದು ಮೂಲೆಯಲ್ಲಿ ಅತಿಯಾಗಿ, ನಡುಮನೆಯಲ್ಲಿ ಇಲ್ಲವೇ ಇಲ್ಲ ಅನ್ನುವಂತೆ ಕೇಳಿಸುತ್ತದೆ. ನಾವು ಮಾಡಿದ್ದು ಇಷ್ಟು: 50 ಮಿ.ಮೀ. ದಪ್ಪದ ರಾಕ್‌ವೂಲ್ (ಸದ್ದು ಹೀರುವ ಕಲ್ಲುನಾರು) ಸ್ಲ್ಯಾಬನ್ನು ಎರಡು ಪದರವಾಗಿ ಮರದ ಚೌಕಟ್ಟಿಗೆ ಕೂರಿಸಿ, ಒತ್ತಾದ ಬಟ್ಟೆ ಸುತ್ತಿ (ಅದರ ನಾರು ಮೈಗೆ, ಮೂಗಿಗೆ ತಾಗಬಾರದು), ನಾಲ್ಕೂ ಮೂಲೆಗಳಲ್ಲಿ ಅಡ್ಡಡ್ಡ ನಿಲ್ಲಿಸಿದೆವು. ಡ್ರಮ್ಮರ್ ಹಿಂದಿನ ಗೋಡೆಗೆ ದಪ್ಪ ಕಂಬಳಿಗಳನ್ನು ಗೋಡೆಯಿಂದ ನಾಲ್ಕಿಂಚು ಬಿಟ್ಟು ಇಳಿಬಿಟ್ಟೆವು. ಆ ನಾಲ್ಕಿಂಚಿನ ಗಾಳಿಯೂ ಕೆಲಸ ಮಾಡುತ್ತದೆ. ಮುಂದಿನ ಗೋಡೆಯನ್ನು ಬೇಕೆಂದೇ ಬೋಳಾಗಿ ಉಳಿಸಿದೆವು, ಏಕೆಂದರೆ ರೂಮೆಲ್ಲ ಸತ್ತಂತಿದ್ದರೆ ಡ್ರಮ್ಸ್ ರಟ್ಟಿನ ಡಬ್ಬಿ ಬಡಿದಂತೆ ಕೇಳಿಸುತ್ತದೆ.

ಡ್ಯೂಪ್ಲೆಕ್ಸ್ ಮನೆಯನ್ನೇ ಹುಡುಕಿದ್ದು ಅದರ ಮೆಟ್ಟಿಲಿಗಾಗಿ. 1971ರಲ್ಲಿ ಲೆಡ್ ಜೆಪ್ಪೆಲಿನ್ ನಾಲ್ಕನೇ ಆಲ್ಬಂಗಾಗಿ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಬಂಗಲೆಯಲ್ಲಿದ್ದಾಗ, ಜಾನ್ ಬೋನಮ್ ಅವರ ಡ್ರಮ್ಸನ್ನು ಹಜಾರದಲ್ಲಿಟ್ಟು, ಎಂಜಿನಿಯರ್ ಆಂಡಿ ಜಾನ್ಸ್ ಮೇಲಿನ ಮೆಟ್ಟಿಲಿನಿಂದ ಎರಡು ಬೇಯರ್‌ಡೈನಮಿಕ್ ಎಂ160 ಮೈಕ್ ಇಳಿಬಿಟ್ಟು, ಕಂಪ್ರೆಸರ್‌ನಲ್ಲಿ (ಜೋರು, ಮೆಲು ಸದ್ದುಗಳ ಅಂತರ ಕುಗ್ಗಿಸುವ ಸಾಧನ) ಗಟ್ಟಿಯಾಗಿ ಅಮುಕಿದರು. ಆ ಸದ್ದನ್ನು ಇವತ್ತಿಗೂ ಎಲ್ಲರೂ ಬೆನ್ನಟ್ಟುತ್ತಾರೆ. ನಾವೂ ಡ್ರಮ್ಸನ್ನು ಮೆಟ್ಟಿಲ ಬುಡದಲ್ಲಿಟ್ಟು, ಮೇಲಿನ ತಿರುವಿನಲ್ಲಿ ಎರಡು ಮೈಕ್ ಹಾಕಿದೆವು. ಇದರಲ್ಲಿ ಒಂದು ತೊಡಕಿದೆ. ರೂಮ್ ಮೈಕನ್ನು ಅಮುಕಿದಷ್ಟೂ ಸಿಂಬಲ್ (ಲೋಹದ ತಟ್ಟೆ) ಮುನ್ನುಗ್ಗಿ ಬಂದು ಹಾಡನ್ನೆಲ್ಲ ಮುಚ್ಚಿಬಿಡುತ್ತದೆ. ಮಿಕ್ಸಿನಲ್ಲಿ ಇದಕ್ಕೆ ಮದ್ದಿಲ್ಲ. ಡ್ರಮ್ಮರ್ ಸ್ನೇರನ್ನು ಜೋರಾಗಿ, ಸಿಂಬಲನ್ನು ಮೆತ್ತಗೆ ಹೊಡೆಯುವುದನ್ನು ರೂಢಿಸಿಕೊಳ್ಳಬೇಕು. ಸಿಂಬಲ್‌ಗಳನ್ನು ಸ್ಟ್ಯಾಂಡಿನಲ್ಲಿ ಒಂದು ಗೇಣು ಎತ್ತರಿಸಿದರೂ ಟಾಮ್ (ಕಿಕ್, ಸ್ನೇರ್ ಬಿಟ್ಟು ಉಳಿದ ಡ್ರಮ್) ಮೈಕಿಗೆ ಅವುಗಳ ಸದ್ದು ಸೋರುವುದು ಕಡಿಮೆಯಾಗುತ್ತದೆ.

ಡ್ರಮ್ಸ್‌ಗೆ ಹೊಸ ಹೆಡ್ (ಬಡಿಯುವ ಹೊದಿಕೆ) ಹಾಕದೆ ರೆಕಾರ್ಡಿಂಗ್ ಶುರು ಮಾಡಬೇಡಿ. ಹೆಡ್ ಕೂರಿಸಿದ ಮೇಲೆ ಅಂಗೈಯಿಂದ ಒತ್ತಿ ಹಿಗ್ಗಿಸಿ, ಎದುರುಬದುರಿನ ಲಗ್‌ಗಳನ್ನು (ಹೆಡ್ ಬಿಗಿಯುವ ತಿರುಪು) ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ, ಪ್ರತಿ ಲಗ್ ಪಕ್ಕ ಬೆರಳಿನಿಂದ ತಟ್ಟಿ ಒಂದೇ ಶ್ರುತಿಗೆ ತರಬೇಕು. ಸ್ನೇರ್ ಎರಡು ಟೇಕಿಗೊಮ್ಮೆ ಇಳಿದಿರುತ್ತದೆ, ಮತ್ತೆ ನೋಡಿ. ಮೈಕ್‌ಗಳು: ಕಿಕ್ ಒಳಗೆ ಎಕೆಜಿ ಡಿ112, ಸ್ನೇರ್ ಮೇಲೆ ಶೂರ್ ಎಸ್‌ಎಂ57, ಟಾಮ್‌ಗಳಿಗೆ ಸೆನ್‌ಹೈಸರ್ ಎಂಡಿ421, ಮೇಲೆ ಓವರ್‌ಹೆಡ್ ಆಗಿ ಎರಡು ಕಂಡೆನ್ಸರ್ (ಸೂಕ್ಷ್ಮ ಸದ್ದನ್ನೂ ಹಿಡಿಯುವ ಮೈಕ್). ಸ್ನೇರ್ ನಡುವಿನಿಂದ ಎರಡೂ ಓವರ್‌ಹೆಡ್‌ಗೆ ದೂರ ಒಂದೇ ಇರಬೇಕು. ಟೇಪಿಗಿಂತ ಒಂದು ದಾರ ಸಾಕು: ಸ್ನೇರ್ ಮೇಲೆ ತುದಿ ಒತ್ತಿಹಿಡಿದು ಒಂದು ಮೈಕಿಗೆ ಅಳೆದು, ಅದೇ ಅಳತೆ ಇನ್ನೊಂದಕ್ಕೆ. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ಒಂದು ಮೈಕ್ ಅರ್ಧ ಅಡಿ ಹೆಚ್ಚುಕಡಿಮೆಯಾದರೂ ಎರಡನ್ನೂ ಕೂಡಿಸಿದಾಗ ಸ್ನೇರ್ ಹೊಟ್ಟೆ ಬರಿದಾದ ಹಾಗೆ ತೆಳ್ಳಗಾಗುತ್ತದೆ. ಕಿಕ್, ಸ್ನೇರ್ ಎರಡನ್ನೂ ಓವರ್‌ಹೆಡ್ ಜೊತೆ ಕೇಳುತ್ತಾ ಫೇಸ್ ಬಟನ್ (ಒಂದು ಮೈಕಿನ ಸದ್ದಿನ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ ನೋಡಿ, ಯಾವ ಕಡೆ ಸದ್ದು ದಪ್ಪವಾಗುತ್ತದೋ ಅದೇ ಸರಿ. 24 ಬಿಟ್, 48 ಕಿಲೋಹರ್ಟ್ಸ್, ಸರಾಸರಿ ಮಟ್ಟ ಮೈನಸ್ 18 ಡಿಬಿ ಆಸುಪಾಸು. ಕೆಂಪು ದೀಪದ ಹತ್ತಿರ ಹೋಗುವ ಅಗತ್ಯವೇ ಇಲ್ಲ.

ಗಿಟಾರಿಗೆ ಕೈ ಹಾಕುವ ಮುನ್ನ ಕರೆಂಟು. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಡಿಮ್ಮರ್ ಇರುವ ಲೈಟು, ಅಗ್ಗದ ಎಲ್ಇಡಿ ಇವೆಲ್ಲ ಗಿಟಾರಿನ ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ ಭಾಗ) 'ಜ್ಝ್' ತುಂಬುತ್ತವೆ. ಗೇನ್ (ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಏರಿಸಿದರೆ ಅದೂ ಏರುತ್ತದೆ. ಫ್ಯಾನು, ಡಿಮ್ಮರ್ ಎರಡೂ ಆಫ್. ಆಂಪ್, ಇಂಟರ್‌ಫೇಸ್, ಲ್ಯಾಪ್‌ಟಾಪ್ ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಟ್ಟರೆ 50 ಹರ್ಟ್ಸ್ ಗುಂಯ್‌ಗುಡುವಿಕೆ ಬಹುಪಾಲು ನಿಲ್ಲುತ್ತದೆ. ಆಗಲೂ ನಿಲ್ಲದಿದ್ದರೆ ಡಿಐ ಬಾಕ್ಸಿನ (ಗಿಟಾರನ್ನು ನೇರವಾಗಿ ರೆಕಾರ್ಡಿಂಗಿಗೆ ಜೋಡಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ತೆಗೆಯುವವರನ್ನು ನೋಡಿದ್ದೇನೆ. ತಂತಿಯ ಮೇಲೆ ಕೈಯಿಟ್ಟುಕೊಂಡು ಮೈಕಿಗೆ ತುಟಿ ತಾಗಿಸುವ ಕೆಲಸ ಇದು, ಜೀವಕ್ಕೇ ಅಪಾಯ.

ವೇದಿಕೆಯ ಮೇಲೆ ಚೆನ್ನಾಗಿ ಕೇಳಿಸುವ ಗೇನ್ ರೆಕಾರ್ಡಿಂಗಿಗೆ ಅತಿಯಾಗುತ್ತದೆ. ಡಿಸ್ಟಾರ್ಷನ್ (ಗಿಟಾರ್ ಸದ್ದನ್ನು ಒರಟಾಗಿಸುವುದು) ಎಂದರೇ ಕಂಪ್ರೆಷನ್. ಗೇನ್ ಹೆಚ್ಚಾದಷ್ಟೂ ಪಿಕ್ ತಂತಿಗೆ ತಾಗುವ ಆ ಮೊದಲ ಏಟು ಅಳಿಸಿಹೋಗಿ, ಉಳಿಯುವುದು ಒಂದೇ ಸಮನೆ ಗೊರಗೊರ. 1980ರಲ್ಲಿ ಬಹಾಮಾಸ್‌ನ ನಸ್ಸೌದ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ ಮಟ್ ಲ್ಯಾಂಗ್ ನಿರ್ಮಾಣ, ಟೋನಿ ಪ್ಲ್ಯಾಟ್ ಎಂಜಿನಿಯರಿಂಗಿನಲ್ಲಿ ಎಸಿ/ಡಿಸಿ ಮಾಡಿದ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಂ ಹಾಕಿ, ಮಾಲ್ಕಮ್ ಯಂಗ್ ಅವರ ರಿದಮ್ ಗಿಟಾರನ್ನಷ್ಟೇ ಗಮನಿಸಿ. ಡಿಸ್ಟಾರ್ಷನ್ ಎಷ್ಟು ಕಡಿಮೆ! ಕಾರ್ಡ್ ಹೊಡೆದು ನಿಲ್ಲಿಸಿದ ಕಡೆ ಪೂರ್ತಿ ಮೌನ, ಆ ಮೌನದಲ್ಲಿ ಸ್ನೇರು. ಗಿಟಾರಿಸ್ಟುಗಳು ಇಷ್ಟಪಟ್ಟ ಮಟ್ಟದಿಂದ ನಾವು ಮೂರನೇ ಒಂದು ಭಾಗದಷ್ಟು ಗೇನ್ ಇಳಿಸಿ, ಮಿಡ್ (ನಡುವಿನ ಫ್ರೀಕ್ವೆನ್ಸಿ) ಏರಿಸಿದೆವು. ಕೈಗೆ ಸದ್ದು ಬಡಕಲಾದಂತೆ ಅನಿಸುತ್ತದೆ, ಹಾಗಾಗಿ ಇನ್ನೂ ಬಲವಾಗಿ ನುಡಿಸುತ್ತಾರೆ. ನನಗೆ ಬೇಕಾದ್ದೂ ಅದೇ.

ಕ್ಯಾಬಿನೆಟ್ಟಿನ ಸ್ಪೀಕರ್ ನಡುವಿನ ಗುಮ್ಮಟದ ಅಂಚಿಗೆ ಎಸ್‌ಎಂ57, ಬಟ್ಟೆಯಿಂದ ಎರಡು ಬೆರಳು ದೂರ. ನಡುವಿಗೆ ಸರಿಸಿದರೆ ಚೂಪು, ಹೊರಗೆ ಸರಿಸಿದರೆ ಮಂಕು. ಒಂದು ಸೆಂ.ಮೀ. ಸರಿಸಿದರೆ ಸಿಗುವ ವ್ಯತ್ಯಾಸ ಯಾವ ಇಕ್ಯೂನಲ್ಲೂ (ಫ್ರೀಕ್ವೆನ್ಸಿಗಳನ್ನು ಏರಿಳಿಸುವ ಸಾಧನ) ಸಿಗದು. ಒಬ್ಬರು ನುಡಿಸುತ್ತಿರುವಾಗ ಇನ್ನೊಬ್ಬರು ಮೈಕ್ ಸರಿಸಬೇಕು, ನೀವು ಬೇರೆ ಕೋಣೆಯಲ್ಲಿ ಕೇಳಬೇಕು. ರಿದಮ್ ಭಾಗವನ್ನು ಎಡಕ್ಕೊಂದು, ಬಲಕ್ಕೊಂದು, ಎರಡೇ ಟ್ರ್ಯಾಕ್. ಒಂದೇ ಟೇಕನ್ನು ಕಾಪಿ ಮಾಡಿದರೆ ಅಗಲವಾಗುವುದಿಲ್ಲ, ಮತ್ತೊಮ್ಮೆ ನುಡಿಸಲೇಬೇಕು. ನಾಲ್ಕು ಟ್ರ್ಯಾಕ್ ಹಾಕಿದರೆ ಪಾಮ್ ಮ್ಯೂಟ್‌ಗಳ (ತಂತಿಗೆ ಅಂಗೈ ಒತ್ತಿ ಹೊಡೆದ ಮೊಟಕು ಸ್ವರ) ಅಂಚು ಕಲಸಿಹೋಗುತ್ತದೆ. ಡ್ರಾಪ್ ಡಿ ಶ್ರುತಿಯಲ್ಲಿ (ದಪ್ಪ ತಂತಿಯನ್ನು ಡಿ ಸ್ವರಕ್ಕೆ ಇಳಿಸಿದ್ದು) ಕೆಳಗಿನ ತಂತಿಯನ್ನು ಜೋರಾಗಿ ಹೊಡೆದಾಗ ಸ್ವರ ಕ್ಷಣಕಾಲ ಏರಿ ಇಳಿಯುತ್ತದೆ, ಆದ್ದರಿಂದ 52 ಗೇಜಿನ ದಪ್ಪ ತಂತಿ ಹಾಕಿ, ಟೇಕಿನಲ್ಲಿ ಎಷ್ಟು ಬಲ ಹಾಕುತ್ತಾರೋ ಅಷ್ಟೇ ಬಲದಲ್ಲಿ ಮೀಟಿ ಶ್ರುತಿ ಮಾಡಿಸಿದೆ. ಮಳೆಗಾಲದಲ್ಲಿ ಗಿಟಾರಿನ ನೆಕ್ ಬಾಗುವುದರಿಂದ ಇಂಟೊನೇಷನ್ (ಪ್ರತಿ ಫ್ರೆಟ್ಟಿನಲ್ಲೂ ಶ್ರುತಿ ಸರಿಯಿದೆಯೇ ಎಂಬುದು) ರೆಕಾರ್ಡಿಂಗ್ ಇರುವ ವಾರವೇ ನೋಡಿಸಬೇಕು.

ಬೇಸನ್ನು ಎರಡಾಗಿ ಒಡೆದೆ. 200 ಹರ್ಟ್ಸ್ ಕೆಳಗಿನದು ಸ್ವಚ್ಛ, ಚೆನ್ನಾಗಿ ಕಂಪ್ರೆಸ್, ಮೇಲಿನದಕ್ಕೆ ಡಿಸ್ಟಾರ್ಷನ್. ಫೋನಿನ ಸ್ಪೀಕರ್ ಕೆಳಗಿನ ಭಾಗವನ್ನು ನುಡಿಸುವುದೇ ಇಲ್ಲ, ಅಲ್ಲಿ ಬೇಸ್ ಇದೆ ಎಂದು ಕಿವಿಗೆ ಗೊತ್ತಾಗುವುದು ಮೇಲಿನ ಗರಗಸದಿಂದ. ಗಿಟಾರ್‌ಗಳನ್ನು 90 ಹರ್ಟ್ಸ್ ಕೆಳಗೆ ಕತ್ತರಿಸಿದೆ. ಒಂಟಿಯಾಗಿ ಕೇಳಿದರೆ ಬಡವಾದಂತಿದೆ, ಬೇಸ್ ಸೇರಿದೊಡನೆ ಎರಡೂ ಒಂದೇ ವಾದ್ಯವಾಗುತ್ತವೆ.

ಕನ್ನಡದಲ್ಲಿ ಹಾರ್ಡ್ ರಾಕ್ ಹಾಡುವುದರ ಬಗ್ಗೆ ಬರೆದವರು ಕಡಿಮೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒತ್ತಕ್ಷರ ಈ ಸಂಗೀತಕ್ಕೆ ಹೇಳಿ ಮಾಡಿಸಿದ್ದು. 'ಸುಟ್ಟು', 'ಕಟ್ಟು' ಎನ್ನುವಾಗ ಟಕಾರದ ಮೇಲೆ ಉಸಿರು ಕಟ್ಟಿ ಬಿಡುವ ಆ ಗಳಿಗೆ ಸ್ನೇರ್ ಏಟಿಗೆ ಸರಿಯಾಗಿ ಬಿದ್ದರೆ ಎರಡೂ ಒಂದನ್ನೊಂದು ಎತ್ತುತ್ತವೆ. ಅರ್ಧ ಮಾತ್ರೆ ಆಚೀಚೆಯಾದರೆ ಗಾಯಕ ತಡವರಿಸಿದಂತಿರುತ್ತದೆ. ಕೋರಸ್‌ನ ತುತ್ತತುದಿಯ ಸ್ವರಕ್ಕೆ 'ಆ' ಅಥವಾ 'ಏ' ಬರುವ ಪದ ಇಡಿ. ಅಲ್ಲಿ 'ಇ', 'ಉ' ಬಂದರೆ ಗಂಟಲು ಮುಚ್ಚಿ ದನಿ ಸಣ್ಣಗಾಗುತ್ತದೆ. ಹ್ರಸ್ವವನ್ನು ಎಳೆದು ದೀರ್ಘ ಮಾಡಿದರೆ ನಮ್ಮವರ ಕಿವಿ ತಕ್ಷಣ ಹಿಡಿಯುತ್ತದೆ. ನಾವು ಎರಡು ಸಾಲುಗಳನ್ನು ಇದಕ್ಕಾಗಿಯೇ ಬದಲಿಸಿದೆವು. 'ಭ', 'ಧ'ಗಳ ಗಾಳಿ ಮೈಕಿಗೆ ನೇರ ಬಡಿಯದಂತೆ ಪಾಪ್ ಫಿಲ್ಟರ್ ಹಾಕಿ, ಮೈಕನ್ನು ಬಾಯಿಗಿಂತ ತುಸು ಪಕ್ಕಕ್ಕೆ ತಿರುಗಿಸಿದರೆ ಸಾಕು. ಮೈಕ್ ಶೂರ್ ಎಸ್‌ಎಂ7ಬಿ. ಮರುದನಿ ಅಡಗಿಸದ ಕೋಣೆಯಲ್ಲಿ ಕಂಡೆನ್ಸರಿಗಿಂತ ಇದು ವಾಸಿ, ಆದರೆ ಸುಮಾರು 60 ಡಿಬಿ ಗೇನ್ ಕೇಳುತ್ತದೆ, ಪ್ರೀಆಂಪ್ ದುರ್ಬಲವಾಗಿದ್ದರೆ ಹಿಸ್ ಬರುತ್ತದೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕಿರುಚಿಸಬೇಡಿ.

ಗಾಯನದ ಮಟ್ಟವೇ ಮಿಕ್ಸಿನ ದೊಡ್ಡ ಜಗಳ. ಹಾರ್ಡ್ ರಾಕಿನ ರೂಢಿಯಲ್ಲಿ ದನಿ ಗಿಟಾರ್‌ಗಳ ನಡುವೆ ಹುದುಗಿರುತ್ತದೆ. ಸಿನಿಮಾ ಹಾಡು, ಭಾವಗೀತೆ ಕೇಳಿ ಬೆಳೆದ ಕಿವಿಗೆ ಸಾಹಿತ್ಯ ಮೇಲಿರಬೇಕು. ದನಿಯನ್ನು 1 ಡಿಬಿ ಮಾತ್ರ ಏರಿಸಿದೆ. ಜೊತೆಗೆ, ಹಾಡುವಾಗ ಮಾತ್ರ ಗಿಟಾರ್‌ಗಳ 2ರಿಂದ 4 ಕಿಲೋಹರ್ಟ್ಸ್ ಭಾಗ 2 ಡಿಬಿ ಇಳಿಯುವಂತೆ ಡೈನಮಿಕ್ ಇಕ್ಯೂ ಕಟ್ಟಿದೆ. ಸಾಲು ಮುಗಿದೊಡನೆ ಗಿಟಾರ್ ತಾನಾಗಿ ಮೇಲೆ ಬರುತ್ತದೆ.

ಮಾಸ್ಟರಿಂಗಿನಲ್ಲಿ (ಮಿಕ್ಸ್ ಮುಗಿದ ಮೇಲೆ ಒಟ್ಟು ಮಟ್ಟ ಹೊಂದಿಸುವ ಕೊನೆಯ ಹಂತ) ಬ್ಯಾಂಡು 'ಇನ್ನೂ ಜೋರು' ಎಂದೇ ಕೇಳುತ್ತದೆ. 2008ರ ಎರಡು ಆಲ್ಬಂಗಳನ್ನು ಪಕ್ಕಪಕ್ಕ ಇಟ್ಟು ಕೇಳಿಸಿದೆ. ಸೆಪ್ಟೆಂಬರ್‌ನಲ್ಲಿ ಬಂದ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಎಷ್ಟು ಅಮುಕಲ್ಪಟ್ಟಿತ್ತೆಂದರೆ, ಗಿಟಾರ್ ಹೀರೋ ವಿಡಿಯೋ ಗೇಮಿನಲ್ಲಿದ್ದ ಅದೇ ಹಾಡುಗಳು ಸಿಡಿಗಿಂತ ಚೆನ್ನಾಗಿ ಕೇಳಿಸುತ್ತವೆಂದು ಅಭಿಮಾನಿಗಳೇ ಪತ್ತೆಹಚ್ಚಿ, ಮತ್ತೆ ಮಿಕ್ಸ್ ಮಾಡಿ ಎಂದು ಸಾವಿರಾರು ಜನ ಸಹಿ ಹಾಕಿದರು. ನವೆಂಬರ್‌ನಲ್ಲಿ ಬಂದ ಗನ್ಸ್ ಎನ್ ರೋಸಸ್‌ನ 'ಚೈನೀಸ್ ಡೆಮಾಕ್ರಸಿ'ಗೆ ಮಾಸ್ಟರಿಂಗ್ ಎಂಜಿನಿಯರ್ ಬಾಬ್ ಲಡ್ವಿಗ್ ಮೂರು ಬಗೆಯ ಮಾಸ್ಟರ್ ಮಾಡಿ ಕೊಟ್ಟಾಗ, ಆಯ್ಕೆಯಾದದ್ದು ಅತಿ ಕಡಿಮೆ ಅಮುಕಿದ್ದು. ಈಗ ಸ್ಪಾಟಿಫೈ ಮಾಮೂಲಿ ಸೆಟ್ಟಿಂಗಿನಲ್ಲಿ ಎಲ್ಲವನ್ನೂ ಮೈನಸ್ 14 ಲಫ್ಸ್‌ಗೆ (ಹಾಡು ಒಟ್ಟಾರೆ ಎಷ್ಟು ಜೋರು ಎಂಬ ಅಳತೆ) ತರುತ್ತದೆ, ಮೈನಸ್ 6ಕ್ಕೆ ತಳ್ಳಿದ ಹಾಡು 8 ಡಿಬಿ ಇಳಿಯುತ್ತದೆ, ಕಳೆದುಕೊಂಡ ಸ್ನೇರ್ ಏಟು ಮಾತ್ರ ವಾಪಸು ಬರುವುದಿಲ್ಲ. ನಾವು ಮೈನಸ್ 10ರ ಹತ್ತಿರ ನಿಲ್ಲಿಸಿ, ಟ್ರೂ ಪೀಕ್ (ಸದ್ದು ಮುಟ್ಟುವ ತುತ್ತತುದಿ) ಮೈನಸ್ 2 ಡಿಬಿಗಿಟ್ಟೆವು.

ಬಿಡುಗಡೆಯ ಕೆಲಸ ಸಪ್ಪೆ, ಆದರೆ ತಪ್ಪಿಸುವಂತಿಲ್ಲ. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಸಂಖ್ಯೆ (ರೆಕಾರ್ಡಿಂಗಿನ ಗುರುತು), ಸಾಹಿತ್ಯ ಮತ್ತು ಸಂಗೀತದ ಹಕ್ಕಿಗೆ ಐಪಿಆರ್‌ಎಸ್ (ಹಾಡು ಬರೆದವರ ರಾಯಧನ ಸಂಗ್ರಹಿಸುವ ಸಂಸ್ಥೆ) ನೋಂದಣಿ, ಸ್ಪಾಟಿಫೈ ಸಂಪಾದಕರಿಗೆ ಹಾಡು ಕಳಿಸುವುದಿದ್ದರೆ ಕನಿಷ್ಠ 7 ದಿನ ಮೊದಲು. ಅಲ್ಲಿ 30 ಸೆಕೆಂಡ್ ಕೇಳಿದರಷ್ಟೇ ಒಂದು ಸ್ಟ್ರೀಮ್. ನಿಧಾನವಾಗಿ ಅರಳುವ ಪೀಠಿಕೆಯಿದ್ದ ಹಾಡನ್ನು ಮೊದಲಿನಿಂದ ತೆಗೆದು ಆರನೆಯದಾಗಿ ಇಟ್ಟೆವು.

ಕೇಳಿದವರ ಪ್ರತಿಕ್ರಿಯೆ ಎರಡು ಗುಂಪಾಗಿ ಬಂತು. ಮೆಟಲ್ ಕೇಳುವವರು ಗಿಟಾರ್ ಕಡಿಮೆಯಾಯಿತು ಎಂದರು, ಉಳಿದವರು ದನಿ ಇನ್ನೂ ಮುಂದೆ ಬರಬೇಕಿತ್ತು ಎಂದರು. ಎರಡೂ ದೂರು ಹೆಚ್ಚುಕಡಿಮೆ ಸಮವಾಗಿ ಬಂದದ್ದರಿಂದ ಮಟ್ಟ ಸರಿಯಿದೆ ಎಂದೇ ನನ್ನ ಲೆಕ್ಕ, ಆಲ್ಬಂ ಮಿಕ್ಸನ್ನು ಮುಟ್ಟಲಿಲ್ಲ. ಡ್ರಮ್ಸ್ ಬಗ್ಗೆ ಎರಡೂ ಗುಂಪು ಮೆಚ್ಚಿ ಮಾತಾಡಿತು. ರೀಲ್ಸ್‌ಗೆ ಮಾತ್ರ ಬೇರೆ ಮಿಕ್ಸ್ ಕೊಟ್ಟೆ: ಮೊನೊದಲ್ಲಿ (ಎಡಬಲ ಒಂದಾಗಿಸಿ) ಪರೀಕ್ಷಿಸಿ, ಎರಡು ಅಂಚಿನ ಗಿಟಾರ್‌ಗಳನ್ನು ಸ್ವಲ್ಪ ಒಳಕ್ಕೆ ತಂದು, ದನಿಯನ್ನು 2 ಡಿಬಿ ಏರಿಸಿ.