ಸಾರು ಅದೇ, ಹಾಕುವ ಸರದಿ ಬೇರೆ

ಅರಿಸಿನ ಒಳ್ಳೆಯದು, ಬೆಳ್ಳುಳ್ಳಿ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದರಲ್ಲಿರುವ ಸತ್ವ ಮೈಗೆ ಹತ್ತಬೇಕಲ್ವಾ? ಮೆಣಸಿನ ಸಾರನ್ನೇ ಒಮ್ಮೆ ಹೀಗೆ ಮಾಡಿ ನೋಡಿ.

4 ಜನಕ್ಕೆ 6-7 ಎಸಳು ಬೆಳ್ಳುಳ್ಳಿ, 3 ಟೊಮೆಟೊ, ಮೆಣಸು ಮತ್ತು ಜೀರಿಗೆ ಒಂದೊಂದು ಚಮಚ, ಕಾಲು ಚಮಚ ಅರಿಸಿನ, 2 ಚಮಚ ತುಪ್ಪ ಸಾಕು. ಹುಣಸೆಹುಳಿ, ಉಪ್ಪು, ಕರಿಬೇವು ನಿಮ್ಮ ಮನೆಯ ಅಳತೆ.

ಮೊದಲು ಬೆಳ್ಳುಳ್ಳಿ ಜಜ್ಜಿ, 10 ನಿಮಿಷ ಸುಮ್ನೆ ಬಿಡಿ. ಬೆಳ್ಳುಳ್ಳಿಯ ಸತ್ವ ಎನ್ನುವ ಅಲಿಸಿನ್ ಇಡೀ ಎಸಳಿನಲ್ಲಿ ಇರುವುದಿಲ್ಲ. ಅಲಿಯಿನ್ ಎಂಬ ವಸ್ತು ಒಂದು ಕಡೆ, ಅದನ್ನು ಬದಲಿಸುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಸೇರಿ ಅಲಿಸಿನ್ ಹುಟ್ಟುತ್ತದೆ, ಆ ಘಾಟೂ ಬರುತ್ತದೆ. ಇಡೀ ಎಸಳನ್ನೇ ಕಾದ ಎಣ್ಣೆಗೆ ಹಾಕಿದರೆ ಕಿಣ್ವ ಅಲ್ಲೇ ಸಾಯುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದವಳು.

ಆ ಹೊತ್ತಿಗೆ ಮೆಣಸು, ಜೀರಿಗೆ ಕುಟ್ಟಿಕೊಳ್ಳಿ. ಮೊದಲೇ ಪುಡಿ ಮಾಡಿಟ್ಟರೆ ಪರಿಮಳ ಹಾರಿಹೋಗುತ್ತದೆ.

ಈಗ ತುಪ್ಪ ಬಿಸಿ ಮಾಡಿ, ಸಣ್ಣ ಉರಿಯಲ್ಲಿ ಕರಿಬೇವು, ಅರಿಸಿನ ಹಾಕಿ. ಅರಿಸಿನವನ್ನು ಕುದಿಯುವ ನೀರಿಗೆ ಉದುರಿಸಬೇಡಿ. ಒಂದು ಲೋಟ ನೀರಿಗೆ ಅರಿಸಿನ ಕದಡಿಟ್ಟು ನೋಡಿ, ಸ್ವಲ್ಪ ಹೊತ್ತಿಗೇ ತಳ ಸೇರುತ್ತದೆ. ಅದರ ಹಳದಿ ಬಣ್ಣದ ಕರ್ಕ್ಯುಮಿನ್ ನೀರಿಗೆ ಕರಗುವುದಿಲ್ಲ, ಜಿಡ್ಡಿಗೆ ಕರಗುತ್ತದೆ. ಕರಗಿದರೂ ನಮ್ಮ ಯಕೃತ್ತು ಅದನ್ನು ಬೇಗ ಹೊರಗೆ ಸಾಗಿಸುತ್ತದೆ. ಇಲ್ಲಿ ಮೆಣಸಿನ ಖಾರದ ಅಂಶವಾದ ಪೈಪರಿನ್ ಅಡ್ಡ ನಿಲ್ಲುತ್ತದೆ. ಇದನ್ನು ಅಳೆದು ನೋಡಿದ್ದು ನಮ್ಮ ಬೆಂಗಳೂರಿನಲ್ಲೇ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ. 1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ, ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಜಾಸ್ತಿಯಾಗಿತ್ತು. ಅಷ್ಟು ಪೈಪರಿನ್‌ಗೆ ಸುಮಾರು ಹತ್ತು ಕಾಳು ಮೆಣಸು ಸಾಕು. ಆದರೆ 2 ಗ್ರಾಂ ಕರ್ಕ್ಯುಮಿನ್ ಬೇಕಾದರೆ ಹೆಚ್ಚುಕಡಿಮೆ 60 ಗ್ರಾಂ ಅರಿಸಿನ ಬೇಕು! ನಾವು ಹಾಕುವುದು ಕಾಲು ಚಮಚ. ಹಾಗಾಗಿ ಸಾರನ್ನು ಔಷಧಿ ಎಂದುಕೊಳ್ಳಬೇಡಿ. ಹಾಗಂತ ಮಾತ್ರೆಗೂ ಓಡಬೇಡಿ. ಅರಿಸಿನ, ಪೈಪರಿನ್ ಸೇರಿಸಿದ ಮಾತ್ರೆ ನುಂಗಿ ಯಕೃತ್ತಿಗೆ ಪೆಟ್ಟು ಬಿದ್ದವರಿದ್ದಾರೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಆ ಮಾತ್ರೆ ಮುಟ್ಟಲೇಬಾರದು.

ತುಪ್ಪಕ್ಕೆ ಹೆಚ್ಚಿದ ಟೊಮೆಟೊ ಹಾಕಿ ಚೆನ್ನಾಗಿ ಬಾಡಿಸಿ. ಅದರ ಕೆಂಪು ಬಣ್ಣದ ಲೈಕೋಪೀನ್, ಹಸಿ ಟೊಮೆಟೊಗಿಂತ ಜಿಡ್ಡಿನಲ್ಲಿ ಬೆಂದದ್ದರಿಂದಲೇ ಸಲೀಸಾಗಿ ಸಿಗುತ್ತದೆ. ಹುಳಿನೀರು, ಉಪ್ಪು ಹಾಕಿ ಕುದಿಸಿ. ಆಮೇಲೆ ಮೆಣಸು, ಜೀರಿಗೆ ಪುಡಿ. ಕೊನೆಗೆ ಬೆಳ್ಳುಳ್ಳಿ ಹಾಕಿ, ಒಂದು ಕುದಿ ಬಂದ ಕೂಡಲೇ ಇಳಿಸಿ, ಮುಚ್ಚಿಡಿ.

ಬಡಿಸುವಾಗ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಬೇಡಿ. ಪೈಪರಿನ್ನೂ ನೀರಿಗೆ ಅಷ್ಟಾಗಿ ಕರಗುವುದಿಲ್ಲ, ಪುಡಿಯ ಜೊತೆ ತಳದಲ್ಲೇ ಕೂತಿರುತ್ತದೆ. ಸೌಟು ತಳಕ್ಕೆ ಇಳಿಸಿ, ಕದಡಿ, ಬಡಿಸಿ.