ಬೀದಿದೀಪಗಳ ನಡುವಿನಿಂದ ಆಕಾಶ ನೋಡಿದ್ದು

ಹಗಲು ಕಚೇರಿಯಲ್ಲಿ ಲೆಕ್ಕಪತ್ರ, ಸಂಜೆ ಮನೆಯ ಕೆಲಸ, ಊಟ, ಆಮೇಲೆ ಅರ್ಧ ಮುಕ್ಕಾಲು ಗಂಟೆ ತಾರಸಿಯ ಮೇಲೆ. ಬಹಳ ವರ್ಷಗಳಿಂದ ನನ್ನ ದಿನಚರಿ ಇಷ್ಟೇ. ನಾವಿರುವುದು ನಗರದ ಅಂಚಿನ ಬಡಾವಣೆ. ರಸ್ತೆಯುದ್ದಕ್ಕೂ ದೀಪ, ಎದುರು ಮನೆಯ ಗೇಟಿಗೆ ದೀಪ, ಅದರಾಚೆ ಹೆದ್ದಾರಿಯ ಬೆಳಕು. ಕ್ಷೀರಪಥ ಇಲ್ಲಿಂದ ಕಾಣುವುದೇ ಇಲ್ಲ. ನಿಜವಾದ ಕತ್ತಲಿರುವ ಕಡೆ ಬರಿಗಣ್ಣಿಗೆ ಆರನೇ ಕಾಂತಿಮಾನದವರೆಗಿನ ನಕ್ಷತ್ರಗಳು ಸಿಕ್ಕರೆ, ನಮ್ಮಲ್ಲಿ ಒಳ್ಳೆಯ ರಾತ್ರಿಯಲ್ಲೂ ನಾಲ್ಕಕ್ಕೆ ನಿಲ್ಲುತ್ತದೆ. (ಕಾಂತಿಮಾನ ಎಂದರೆ ಹೊಳಪಿನ ಅಂಕಿ. ಅದು ದೊಡ್ಡದಾದಷ್ಟೂ ನಕ್ಷತ್ರ ಮಂಕು. ಒಂದು ಅಂಕಿ ಹೆಚ್ಚಾದರೆ ಬೆಳಕು ಸುಮಾರು ಎರಡೂವರೆ ಪಟ್ಟು ಕಡಿಮೆ.)

ಇಂಥ ಜಾಗದಲ್ಲಿ ನಿಂತು ಏನು ನೋಡುತ್ತೀರಿ ಎಂದು ಅನೇಕರು ಕೇಳಿದ್ದಾರೆ. ಮಸುಕಾದ ನೀಹಾರಿಕೆ, ದೂರದ ಗೆಲಾಕ್ಸಿ ಬೇಕೆನ್ನುವವರಿಗೆ ಕತ್ತಲು ಬೇಕು. ಅದು ನನ್ನ ಬಳಿ ಇಲ್ಲ. ಆದರೆ ಆಕಾಶದಲ್ಲಿ ಬದಲಾಗುತ್ತಲೇ ಇರುವ, ಸಾಕಷ್ಟು ಹೊಳಪೂ ಇರುವ ವಸ್ತುಗಳಿವೆ. ಅವನ್ನು ನೋಡಲು ಬೇಕಾದದ್ದು ವಾರಗಟ್ಟಲೆ ಅದೇ ಜಾಗದಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂದು ನಿಲ್ಲುವುದು. ದಿನವೂ ಅದೇ ಮನೆಗೆ ಮರಳುವ ನನ್ನಂಥವನಿಗೆ ಅದು ಸುಲಭ. ಅಪರೂಪಕ್ಕೆ ಕತ್ತಲ ಊರಿಗೆ ಪ್ರವಾಸ ಹೋಗುವವರಿಗೆ ಕಷ್ಟ.

ನಾನು ಮೊದಲು ಹಿಡಿದದ್ದು ಆಲ್ಗಾಲ್ ನಕ್ಷತ್ರವನ್ನು. ಡಬ್ಲ್ಯೂ ಆಕಾರದ ಕುಂತಿ ಪುಂಜದಿಂದ ಕೃತ್ತಿಕೆಯ ಗೊಂಚಲಿನ ಕಡೆಗೆ ಕಣ್ಣು ಹಾಯಿಸಿದರೆ ನಡುವೆ ಪಾರ್ಥ ಪುಂಜ ಸಿಗುತ್ತದೆ. ಅದರಲ್ಲಿ ಹೊಳಪಿನಲ್ಲಿ ಎರಡನೆಯ ನಕ್ಷತ್ರ ಇದು. ಮಾಮೂಲು ಹೊಳಪು 2.1. ಪ್ರತಿ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು 3.4ಕ್ಕೆ ಇಳಿಯುತ್ತದೆ, ಎಂದರೆ ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ ಬೆಳಕು ಮಾತ್ರ ಉಳಿಯುತ್ತದೆ. ಸುಮಾರು ಐದು ಗಂಟೆ ಇಳಿತ, ಮತ್ತೈದು ಗಂಟೆ ಏರಿಕೆ. ಅಲ್ಲಿರುವುದು ಒಂದನ್ನೊಂದು ಸುತ್ತುವ ಜೋಡಿ. ಅದರಲ್ಲಿ ಮಂಕು ನಕ್ಷತ್ರ ಪ್ರಕಾಶಮಾನವಾದುದರ ಮುಂದೆ ಹಾಯುವಾಗ ನಮಗೆ ಗ್ರಹಣ. 1783ರಲ್ಲಿ ಇಂಗ್ಲೆಂಡಿನ ಜಾನ್ ಗುಡ್ರಿಕ್ ಎಂಬ ಹುಡುಗ ಈ ಅವಧಿಯನ್ನು ಲೆಕ್ಕ ಹಾಕಿ, ಯಾವುದೋ ದೊಡ್ಡ ಕಾಯ ಅಡ್ಡ ಬರುತ್ತಿರಬಹುದು ಎಂದು ಊಹಿಸಿದ. ಆಗ ಅವನಿಗೆ 18 ವರ್ಷ, ಕಿವಿ ಕೇಳಿಸುತ್ತಿರಲಿಲ್ಲ. 21 ತುಂಬಿದ ಮೇಲೆ ಹೆಚ್ಚು ದಿನ ಬದುಕಲೂ ಇಲ್ಲ. ಅವನ ಆ ಅವಲೋಕನಕ್ಕೆ ಬೇಕಾದದ್ದು ಕಣ್ಣು, ಗಡಿಯಾರ, ತಾಳ್ಮೆ. ಆಲ್ಗಾಲ್ ಕಡೆ ತಿರುಗಿದಾಗಲೆಲ್ಲ ಅವನ ನೆನಪು ಬರುತ್ತದೆ.

ಅವಧಿಯ ಅಂಕಿಯನ್ನು ಸರಿಯಾಗಿ ನೋಡಿದರೆ ಒಂದು ಉಪಯೋಗದ ಸಂಗತಿ ಇದೆ. ಮೂರು ದಿನಕ್ಕೆ 3 ಗಂಟೆ 11 ನಿಮಿಷ ಕಡಿಮೆ. ಹಾಗಾಗಿ ಇವತ್ತು ರಾತ್ರಿ ಒಂದು ಗಂಟೆಗೆ ತೀರ ಮಂಕಾದರೆ, ಮೂರನೆಯ ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆಯೇ ಆಗುತ್ತದೆ, ಅದರ ಮುಂದಿನದು ಸಂಜೆ ಏಳಕ್ಕೂ ಮುಂಚೆ. ಆಮೇಲೆ ಹಗಲಿಗೆ ಸರಿದುಹೋಗುತ್ತದೆ, ಮೂರು ವಾರದ ಆಸುಪಾಸಿನಲ್ಲಿ ಮತ್ತೆ ರಾತ್ರಿಯ ಸರದಿ. ಬೆಳಗ್ಗೆ ಕೆಲಸಕ್ಕೆ ಹೋಗುವವರಿಗೆ ನಡುವಿನ, ಹತ್ತು ಗಂಟೆಯ ಗ್ರಹಣವೇ ಸರಿ. ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುತ್ತೇನೆ.

ಹೊಳಪನ್ನು ಅಳೆಯುವ ಕ್ರಮ ಹೀಗೆ. ಬದಲಾಗದ ಎರಡು ನಕ್ಷತ್ರಗಳನ್ನು ಆರಿಸಿಕೊಳ್ಳಬೇಕು, ಒಂದು ಹೆಚ್ಚು ಹೊಳೆಯುವುದು, ಒಂದು ಕಡಿಮೆ. ಆಲ್ಗಾಲ್‌ಗೆ ನಾನು ದ್ರೌಪದಿ ಪುಂಜದ ಆಲ್ಮಾಕ್ (2.1) ಮತ್ತು ಪಾರ್ಥದ ಡೆಲ್ಟಾ (3.0) ಇಟ್ಟುಕೊಂಡಿದ್ದೇನೆ. ಆಲ್ಗಾಲ್ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಹೊಳೆಯುವುದಕ್ಕೆ ಹತ್ತಿರ, ಮೂರರಲ್ಲಿ ಒಂದು ಪಾಲು ಕೆಳಗೆ ಅನ್ನಿಸಿದರೆ 2.4. ಬರೆದು, ಪಕ್ಕದಲ್ಲಿ ಗಂಟೆ ನಿಮಿಷ ನಮೂದಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡುವುದು. ಗ್ರಹಣದ ಆಳದಲ್ಲಿ ಡೆಲ್ಟಾಕ್ಕಿಂತಲೂ ಕೆಳಗಿಳಿಯುತ್ತದೆ, ಆಗ ಪಾರ್ಥದ್ದೇ ಆದ ಕಪ್ಪಾ (3.8) ನಕ್ಷತ್ರ ನೆರವಿಗೆ ಬರುತ್ತದೆ. ಅಭ್ಯಾಸವಾದ ಕಣ್ಣು ಒಂದು ಕಾಂತಿಮಾನದ ಹತ್ತನೇ ಒಂದು ಭಾಗದ ಹತ್ತಿರ ಹತ್ತಿರ ಹೇಳಬಲ್ಲದು. ಕೆಲವು ಎಚ್ಚರಗಳಿವೆ. ಕೆಳಗೆ, ದಿಗಂತದ ಹತ್ತಿರ ಇರುವ ನಕ್ಷತ್ರವನ್ನು ಮೇಲಿರುವುದರೊಂದಿಗೆ ಹೋಲಿಸಬಾರದು, ದಪ್ಪ ಗಾಳಿ ಕೆಳಗಿನದರ ಬೆಳಕನ್ನು ತಿನ್ನುತ್ತದೆ. ಹಿಂದಿನ ಸಲದ ಅಂಕಿಯನ್ನು ನೋಡಿಕೊಂಡು ಬರೆಯಬಾರದು, ಕಣ್ಣಿಗೆ ಮನಸ್ಸು ಹೇಳಿಕೊಡುತ್ತದೆ. ಅದಕ್ಕೇ ಒಂದೊಂದು ರಾತ್ರಿಗೆ ಒಂದೊಂದು ಹೊಸ ಪುಟ ತೆಗೆಯುತ್ತೇನೆ.

ಬೀದಿದೀಪಗಳ ಜೊತೆ ಬದುಕುವುದನ್ನೂ ಇಲ್ಲೇ ಹೇಳಬೇಕು. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಒಂದೇ ಒಂದು ನೇರ ದೀಪ ಕಣ್ಣಿಗೆ ಬಿದ್ದರೆ ಆ ಸಮಯವೆಲ್ಲ ವ್ಯರ್ಥ. ನೀರಿನ ತೊಟ್ಟಿಯ ನೆರಳು ಬೀಳುವ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ದಪ್ಪ ಕಪ್ಪು ಬಟ್ಟೆಯನ್ನು ತಲೆಯ ಮೇಲಿಂದ ಎರಡೂ ಕಡೆ ಇಳಿಬಿಟ್ಟುಕೊಳ್ಳುತ್ತೇನೆ. ಆಕಾಶದ ಮಬ್ಬು ಬೆಳಕು ಅದರಿಂದ ಕಡಿಮೆಯಾಗುವುದಿಲ್ಲ, ಆದರೆ ಕಣ್ಣಿಗೆ ಬೀಳುವ ನೇರ ಬೆಳಕು ತಪ್ಪುತ್ತದೆ. ಬರೆಯಲು ಕೆಂಪು ಕಾಗದ ಸುತ್ತಿದ ಟಾರ್ಚು. ಫೋನನ್ನು ಕೆಳಗೇ ಬಿಟ್ಟು ಬರುತ್ತೇನೆ. ಎದುರು ಮನೆಯವರಿಗೆ ಒಮ್ಮೆ ಕೃತ್ತಿಕೆಯನ್ನು ಬೈನಾಕ್ಯುಲರಿನಲ್ಲಿ ತೋರಿಸಿದೆ. ಬರಿಗಣ್ಣಿಗೆ ಐದಾರು ಎಣಿಸಿದವರು ಅದರಲ್ಲಿ ಹತ್ತಾರು ಕಂಡು ಬಹಳ ಹೊತ್ತು ಬೈನಾಕ್ಯುಲರ್ ಕೈಬಿಡಲಿಲ್ಲ. ಮರುದಿನ ಗೇಟಿನ ದೀಪಕ್ಕೆ ಮೇಲಿಂದ ತಗಡಿನ ಮುಚ್ಚಿಗೆ ಬಂತು, ನಾನು ಕೇಳಿರಲಿಲ್ಲ. ಬೆಳಕು ಈಗ ಅವರ ಮೆಟ್ಟಿಲ ಮೇಲೆ ಮೊದಲಿಗಿಂತ ಚೆನ್ನಾಗಿ ಬೀಳುತ್ತದೆ, ನನ್ನ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಬೀದಿದೀಪಗಳೂ ಹೀಗಿದ್ದರೆ ಎಂದು ಮನಸಾರೆ ಬಯಸುತ್ತೇನೆ.

ಗುರುಗ್ರಹಕ್ಕೆ ಈ ತೊಂದರೆ ಯಾವುದೂ ಇಲ್ಲ. 10×50 ಬೈನಾಕ್ಯುಲರ್, ಗೋಡೆಗೆ ಆನಿಸಿದ ಮೊಣಕೈ, ಇಷ್ಟು ಸಾಕು. ಕೈಯಲ್ಲಿ ಹಿಡಿದು ನಿಂತರೆ ನಡುಕದಲ್ಲಿ ಉಪಗ್ರಹಗಳು ಕಳೆದುಹೋಗುತ್ತವೆ, ಆನಿಸಿದ ಕೂಡಲೇ ಗುರುವಿನ ಅಕ್ಕಪಕ್ಕ ಸಣ್ಣ ಚುಕ್ಕೆಗಳು ಬರುತ್ತವೆ. 1610ರ ಜನವರಿ 7ರಂದು ಗೆಲಿಲಿಯೊ ನೋಡಿದ ಚುಕ್ಕೆಗಳೇ ಇವು. ಕ್ಯಾಲಿಸ್ಟೊ, ಗ್ಯಾನಿಮೀಡ್ ಸುಲಭ. ಯುರೋಪಾಕ್ಕೆ ಗಮನ ಬೇಕು. ಅಯೊ ಹೆಚ್ಚಿನ ಸಲ ಗುರುವಿನ ಪ್ರಭೆಯಲ್ಲೇ ಮುಳುಗಿರುತ್ತದೆ. ನನಗೆ ತುಂಬ ಹಿಡಿಸಿದ್ದು ಗ್ಯಾನಿಮೀಡ್‌ನ ಲಯ. ಒಂದು ಸುತ್ತಿಗೆ ಅದಕ್ಕೆ ಏಳು ದಿನ, ಮೇಲೆ ನಾಲ್ಕು ಗಂಟೆಯ ಹತ್ತಿರ. ಈ ಶುಕ್ರವಾರ ಬಲತುದಿಯಲ್ಲಿದ್ದರೆ ಮುಂದಿನ ಶುಕ್ರವಾರ ಅದೇ ಹೊತ್ತಿಗೆ ಬಹುತೇಕ ಅಲ್ಲೇ ಇರುತ್ತದೆ. ವಾರದ ಕೆಲಸ ಮುಗಿಸಿ ಮೇಲೆ ಹತ್ತಿದಾಗ ಅದು ಕಳೆದ ವಾರದ ಜಾಗದಲ್ಲಿ ಕಾಣುವುದು ನನಗೆ ನಿಜಕ್ಕೂ ಸಂತೋಷ ಕೊಡುತ್ತದೆ. ಅದು ಒಮ್ಮೆ ಸುತ್ತುವಷ್ಟರಲ್ಲಿ ಯುರೋಪಾ ಎರಡು, ಅಯೊ ನಾಲ್ಕು ಸುತ್ತು ಮುಗಿಸಿರುತ್ತವೆ.

ಈ ಅಯೊ ಗುರುವಿನ ನೆರಳಿಗೆ ಸರಿಯುವ ಗ್ರಹಣಗಳ ವೇಳಾಪಟ್ಟಿಯಿಂದಲೇ 1676ರಲ್ಲಿ ಖಗೋಳಜ್ಞ ಓಲೆ ರೋಮರ್ ಬೆಳಕಿಗೂ ವೇಗವಿದೆ ಎಂದು ತೋರಿಸಿದ. ಭೂಮಿ ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಗ್ರಹಣ ತಡವಾಗುತ್ತ ಹೋಗುತ್ತಿತ್ತು, ಹತ್ತಿರವಾಗುವಾಗ ಬೇಗ. ಭೂಮಿಯ ಕಕ್ಷೆಯ ಅಗಲವನ್ನು ದಾಟಲು ಬೆಳಕಿಗೆ ಹದಿನಾರೂವರೆ ನಿಮಿಷಕ್ಕೂ ತುಸು ಹೆಚ್ಚು ಬೇಕು. ವೇಳೆಯನ್ನು ಬಿಡದೆ ಬರೆದಿಟ್ಟ ಪುಸ್ತಕವೊಂದರಿಂದ ಇಷ್ಟು ದೊಡ್ಡ ಸತ್ಯ ಹೊರಬಂತಲ್ಲ ಎಂದು ಲೆಕ್ಕ ಬರೆಯುವ ವೃತ್ತಿಯ ನನಗೆ ಹೆಮ್ಮೆ ಅನ್ನಿಸುತ್ತದೆ.

ಮಂಗಳದ ವಿಷಯ ಚಿಕ್ಕದು. ಸುಮಾರು 26 ತಿಂಗಳಿಗೊಮ್ಮೆ ಭೂಮಿ ಅದನ್ನು ಹಿಂದಿಕ್ಕುವಾಗ ಅದು ಹಿಮ್ಮುಖವಾಗಿ ನಡೆದಂತೆ ಕಾಣುತ್ತದೆ. 2024ರ ಡಿಸೆಂಬರಿನಿಂದ 2025ರ ಫೆಬ್ರವರಿವರೆಗೆ ಅದು ಕರ್ಕಾಟಕದಿಂದ ಮಿಥುನಕ್ಕೆ ಹಿಂದೆ ಸರಿದು ಪುನರ್ವಸುವಿನ ಜೋಡಿ ನಕ್ಷತ್ರಗಳ ಬಳಿ ನಿಂತಿತು. ವಾರಕ್ಕೊಮ್ಮೆ ಒಂದು ಹಾಳೆಯಲ್ಲಿ ಚುಕ್ಕೆ ಇಡುತ್ತ ಹೋದರೆ ಆ ತಿರುವು ತಾನಾಗಿ ಮೂಡುತ್ತದೆ.

ಆರ್ದ್ರಾ ನಕ್ಷತ್ರದ ಕತೆ ಬೇರೆ. ಬೇಟೆಗಾರನ ಆಕಾರದ ಮಹಾವ್ಯಾಧ ಪುಂಜದ ಹೆಗಲಲ್ಲಿರುವ ಈ ಕೆಂಪು ನಕ್ಷತ್ರ ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿ, ರೋಹಿಣಿಗಿಂತ ಜೋರಾಗಿ ಹೊಳೆಯುತ್ತದೆ. 2019ರ ಕೊನೆಯಲ್ಲಿ ಅದು ಕುಗ್ಗತೊಡಗಿತು. 2020ರ ಫೆಬ್ರವರಿಯಲ್ಲಿ ಇನ್ನೊಂದು ಹೆಗಲಿನ ಬೆಲ್ಲಾಟ್ರಿಕ್ಸ್‌ಗೆ ಸಮನಾಗಿತ್ತು, ಸುಮಾರು 1.6. ಮಹಾವ್ಯಾಧನ ಆಕಾರವೇ ಬದಲಾದಂತಿತ್ತು. ಅದನ್ನು ನೋಡಲು ಯಾವ ಉಪಕರಣವೂ ಬೇಡವಾಗಿತ್ತು, ಬೀದಿದೀಪದ ಕೆಳಗೆ ನಿಂತರೂ ಕಾಣುತ್ತಿತ್ತು. ಆದರೆ ಮೊದಲು ಅದು ಹೇಗಿತ್ತು ಎಂದು ಗೊತ್ತಿದ್ದವರ ಕಣ್ಣಿಗೆ ಮಾತ್ರ ಬಿತ್ತು. ನಕ್ಷತ್ರವೇ ಹೊರಗೆಸೆದ ವಸ್ತು ತಣ್ಣಗಾಗಿ ಧೂಳಾಗಿ ಬೆಳಕಿಗೆ ಅಡ್ಡವಾಯಿತು ಎಂಬುದು ಆಮೇಲೆ ತಿಳಿದ ಕಾರಣ. ಕೆಂಪು ನಕ್ಷತ್ರವನ್ನು ಅಳೆಯುವಾಗ ದಿಟ್ಟಿಸಬಾರದು. ನೋಡಿದಷ್ಟೂ ಅದು ಹೆಚ್ಚು ಹೊಳೆದಂತೆ ತೋರುತ್ತದೆ. ಥಟ್ಟನೆ ನೋಡಿ, ಬೆಲ್ಲಾಟ್ರಿಕ್ಸ್ ಕಡೆ ತಿರುಗಿ, ಮತ್ತೆ ಒಮ್ಮೆ ನೋಡಿ ಬರೆದುಬಿಡಬೇಕು.

ಹೀಗೆ ಬರೆದ ಅಂಕಿಗಳನ್ನು ಸ್ವೀಕರಿಸಿ ಕಾಪಾಡುವವರಿದ್ದಾರೆ. 1911ರಲ್ಲಿ ಅಮೆರಿಕದಲ್ಲಿ ಆರಂಭವಾದ ಎ.ಎ.ವಿ.ಎಸ್.ಒ. ಎಂಬ, ಹೊಳಪು ಬದಲಾಗುವ ನಕ್ಷತ್ರಗಳ ವೀಕ್ಷಕರ ಸಂಸ್ಥೆ ಜಗತ್ತಿನೆಲ್ಲೆಡೆಯ ಹವ್ಯಾಸಿಗಳಿಂದ ಇಂಥ ಅಂದಾಜುಗಳನ್ನು ಪಡೆಯುತ್ತದೆ. ಯಾವ ನಕ್ಷತ್ರಕ್ಕೆ ಯಾವುದನ್ನು ಹೋಲಿಸಬೇಕು ಎಂಬ ನಕ್ಷೆಗಳನ್ನೂ ಕೊಡುತ್ತದೆ.

ಈಗ ನನ್ನ ಪುಸ್ತಕದಲ್ಲಿ ಮೀರಾ ನಕ್ಷತ್ರಕ್ಕೆ ಹೊಸ ಪುಟಗಳಿವೆ. 1596ರಲ್ಲಿ ಡೇವಿಡ್ ಫಾಬ್ರಿಷಿಯಸ್ ಗಮನಿಸಿದ ಈ ನಕ್ಷತ್ರ ಸುಮಾರು 332 ದಿನಕ್ಕೊಮ್ಮೆ ಬರಿಗಣ್ಣಿಗೆ ಕಾಣುವಷ್ಟು ಬೆಳಗಿ, ಮತ್ತೆ ಒಂಬತ್ತನೇ ಕಾಂತಿಮಾನದವರೆಗೂ ಇಳಿಯುತ್ತದೆ. ಉತ್ತುಂಗದ ಹೊಳಪು ಪ್ರತಿ ಸಲವೂ ಒಂದೇ ಇರುವುದಿಲ್ಲ. ಅಷ್ಟು ಮಂಕಾದಾಗ ನಮ್ಮ ಬಡಾವಣೆಯಿಂದ ಬೈನಾಕ್ಯುಲರಿಗೂ ಸಿಗದು. ಅದು ಏರುತ್ತ ಏಳನ್ನು ದಾಟುವ ಹೊತ್ತಿಗೆ ಜಾಗ ಕಲಿತಿರಬೇಕೆಂದು, ಸುತ್ತಲಿನ ಸಣ್ಣ ನಕ್ಷತ್ರಗಳ ಚಿತ್ರವನ್ನು ಈಗಲೇ ಬರೆದುಕೊಳ್ಳುತ್ತಿದ್ದೇನೆ.